ಮಕ್ಕಳಿಗೆ ಇತಿಹಾಸದ ಕಥೆ: ಏನು ಕಟ್ಟಬಹುದು, ಏನು ಕಟ್ಟಬಾರದು

(ಕಮಲಾಪುರದಲ್ಲಿ ನಡೆದ ಮಾಸಿಕ ಶರಣ ಚಿಂತನ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಕಮಲಾಪುರ ಎಂದರೆ ಕೆಂಪು ಬಾಳೆಹಣ್ಣು. ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಒಂದು ಡಜನ್ ಕಟ್ಟಿಸಿಕೊಂಡು ಬಂದಿದ್ದೇನೆ. ನನ್ನ ಮಾತು ರುಚಿಸದ ಮಕ್ಕಳಿಗೆ ಅದು ಪರಿಹಾರ.

ನಾನು ಸಾಹಿತಿಯಲ್ಲ. ಕಲಬುರಗಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ, ಸರ್ಕಾರಿ ಇಲಾಖೆಯಲ್ಲಿ ರಸ್ತೆ, ಸೇತುವೆ, ಶಾಲಾ ಕಟ್ಟಡಗಳ ಕೆಲಸ ಮಾಡಿ ನಿವೃತ್ತನಾದವನು. ಈಗ ಕೋಟೆಯ ಸಮೀಪ ಮನೆ. ನಿವೃತ್ತಿಯ ನಂತರ ಬೇಸಿಗೆ ರಜೆಯಲ್ಲಿ ಮಕ್ಕಳ ಶಿಬಿರ ನಡೆಸುವ ಹಿರಿಯರು ನನ್ನನ್ನು ಕರೆದು, "ಗಣಿತ ಹೇಳಿಕೊಡಿ" ಎಂದರು. ಮೂರು ದಿನದಲ್ಲಿ ಮಕ್ಕಳು ಗಣಿತ ಸಾಕು, ಕಥೆ ಹೇಳಿ ಎಂದರು. ಹಾಗೆ ಕಥೆ ಹೇಳಲು ಕುಳಿತವನು ಬರೆಯಲೂ ತೊಡಗಿದೆ. ಬರೆದು ತಪ್ಪು ಮಾಡಿದೆ. ಆ ತಪ್ಪಿನ ಬಗ್ಗೆ ಹೇಳಲಿಕ್ಕೇ ಇಂದು ಇಲ್ಲಿ ನಿಂತಿದ್ದೇನೆ.

ಯಾವ ಮಕ್ಕಳು?

ನಾನು ಹೇಳುತ್ತಿರುವುದು ಒಂಬತ್ತರಿಂದ ಹದಿಮೂರು ವರ್ಷದ ಮಕ್ಕಳ ವಿಷಯ. ಅವರಿಗಿಂತ ಚಿಕ್ಕವರಿಗೆ ಕಾಗಕ್ಕ ಗುಬ್ಬಕ್ಕ ಸಾಕು. ದೊಡ್ಡವರ ಕೈಗೆ ಮೊಬೈಲ್ ಬಂದಿರುತ್ತದೆ. ನಡುವಿನ ಈ ನಾಲ್ಕೈದು ವರ್ಷ ಬಹಳ ಬೆಲೆಯುಳ್ಳವು. ಈ ವಯಸ್ಸಿನಲ್ಲಿ ಮಗು "ಇದು ಖರೇನಾ?" ಎಂದು ಕೇಳಲು ಶುರು ಮಾಡುತ್ತದೆ. ನ್ಯಾಯ ಅನ್ಯಾಯ ಎಂಬ ಮಾತು ಅದರ ಬಾಯಿಗೆ ಬರುತ್ತದೆ. ಎಂಟು ವರ್ಷದ ಬಸವಣ್ಣ, ಅಕ್ಕ ನಾಗಮ್ಮನಿಗೆ ಇಲ್ಲದ ಜನಿವಾರ ನನಗೇಕೆ ಎಂದು ಕೇಳಿದನೆಂದು ನಮ್ಮ ಪರಂಪರೆ ಹೇಳುತ್ತದೆ. ಅದು ಈ ವಯಸ್ಸಿನ ಪ್ರಶ್ನೆಯೇ. ಐವತ್ತರ ಹೊತ್ತಿಗೆ ನಾವು ಅಂಥ ಪ್ರಶ್ನೆ ಕೇಳುವುದನ್ನು ಬಿಟ್ಟಿರುತ್ತೇವೆ.

ಈ ವಯಸ್ಸಿನವರಿಗೆ ಕನ್ನಡದಲ್ಲಿ ಇತಿಹಾಸದ ಓದು ಏನಿದೆ? ನಾನು ಹುಡುಗನಾಗಿದ್ದಾಗ, 1970ರ ದಶಕದಲ್ಲಿ, ರಾಷ್ಟ್ರೋತ್ಥಾನ ಪರಿಷತ್ತು ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಭಾರತ ಭಾರತಿ ಎಂಬ ಪುಟ್ಟ ಪುಸ್ತಕಗಳನ್ನು ತಂದಿತು. ಜೇಬಿನಲ್ಲಿ ಹಿಡಿಯುವ ಅಳತೆ. ಅಂಥವು ಐನೂರಕ್ಕೂ ಹೆಚ್ಚು ಬಂದವು. ಕಾರ್ಕಳದ ಅನಂತ ಪೈ ಅವರ ಅಮರ ಚಿತ್ರ ಕಥೆ ಇತ್ತು. ಇತ್ತೀಚೆಗೆ ಬೊಳುವಾರು ಮಹಮದ್ ಕುಂಞಿ ಅವರು ಗಾಂಧೀಜಿಯ ಬಾಲ್ಯದಿಂದ ಹಿಡಿದು ಕಥೆಯಂತೆ ಬರೆದ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ' 2010ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆಯಿತು. ಎಚ್.ಎಸ್. ಬ್ಯಾಕೋಡ ಅವರ 'ನಾನೂ ಅಂಬೇಡ್ಕರ್' ಎಂಬ ಮಕ್ಕಳ ಕಾದಂಬರಿಗೆ 2020ರಲ್ಲಿ ಅದೇ ಪುರಸ್ಕಾರ ಬಂತು. ಇವು ಒಳ್ಳೆಯ ದಾರಿಗಳು.

ಆದರೆ ಕಲ್ಯಾಣದ ಕಥೆ? ದೊಡ್ಡವರಿಗೆ ಬಿ. ಪುಟ್ಟಸ್ವಾಮಯ್ಯನವರ 'ಕ್ರಾಂತಿ ಕಲ್ಯಾಣ' ಇದೆ, ಗಿರೀಶ ಕಾರ್ನಾಡರ 'ತಲೆದಂಡ' ಇದೆ. ಹನ್ನೊಂದು ವರ್ಷದ ಹುಡುಗಿಯ ಕೈಗೆ ನಾವು ಏನು ಕೊಡುತ್ತೇವೆ? ಜಯಂತಿಯ ದಿನ ಕಂಠಪಾಠ ಮಾಡಿಸಿದ ಐದು ವಚನ, ಒಂದು ಪೇಟ, ಅಂಟಿಸಿದ ಮೀಸೆ. ಭಾಷಣ ಮುಗಿದ ಮೇಲೆ ಮೀಸೆಯ ಜೊತೆ ವಚನವೂ ಉದುರಿ ಹೋಗುತ್ತದೆ.

ರೊಟ್ಟಿಯ ಜೊತೆ ಏನಿತ್ತು?

ಮೊದಲ ಸಲ ನಾನು ಕಲ್ಯಾಣದ ಕಥೆ ಬರೆದಾಗ ಒಬ್ಬ ಹುಡುಗನನ್ನು ಕಲ್ಪಿಸಿದೆ. ತಂದೆಯ ಜೊತೆ ಬಂಡಿಯಲ್ಲಿ ಜೋಳ ಹೇರಿಕೊಂಡು ಕಲಬುರಗಿ ಸೀಮೆಯಿಂದ ಕಲ್ಯಾಣಕ್ಕೆ ಹೊರಟ ಹುಡುಗ. ದಾರಿಯಲ್ಲಿ ಹಸಿವಾಯಿತು. ಗಂಟು ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ತಿಂದ. ಬರೆಯುವಾಗ ನನ್ನ ಬಾಯಲ್ಲೂ ನೀರು ಬಂತು.

ಶಿಬಿರದಲ್ಲಿ ಕೃಷಿ ಓದಿದ ಒಬ್ಬ ತರುಣ ನಕ್ಕು ಹೇಳಿದ: "ಸರ್, ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದವು. ಪೋರ್ಚುಗೀಸರು ಬಂದ ಮೇಲೆ ನಮ್ಮ ದೇಶಕ್ಕೆ ಬಂದವು. ಬಸವಣ್ಣನವರ ಕಾಲಕ್ಕೆ ಇನ್ನೂ ಮುನ್ನೂರು ವರ್ಷಕ್ಕೂ ಹೆಚ್ಚು ಕಾಯಬೇಕು." ಅಂದರೆ ಮಹಾಮನೆಯ ದಾಸೋಹದಲ್ಲಿ ಕೆಂಪು ಖಾರ ಇರಲಿಲ್ಲ. ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ. ಖಾರಕ್ಕೆ ಕರಿಮೆಣಸು, ಶುಂಠಿ. ನಮ್ಮ ಜೋಳ ಇತ್ತು, ತೊಗರಿ ಇತ್ತು, ಎಳ್ಳು ಇತ್ತು.

ಇದನ್ನು ಮಕ್ಕಳಿಗೆ ಹೇಳಿದಾಗ ಆದ ಗದ್ದಲ ನೋಡಬೇಕಿತ್ತು. "ಶೇಂಗಾ ಹಿಂಡಿ ಇಲ್ದೆ ರೊಟ್ಟಿ ಹ್ಯಾಂಗ್ ತಿಂತಿದ್ರು ಸರ್?" ಇಡೀ ಹನ್ನೆರಡನೆಯ ಶತಮಾನ ಅವರಿಗೆ ಒಂದೇ ಕ್ಷಣದಲ್ಲಿ ಹತ್ತಿರ ಬಂತು. ಇಸವಿ ಕಂಠಪಾಠ ಮಾಡಿಸಿದ್ದರೆ ಹಾಗೆ ಬರುತ್ತಿರಲಿಲ್ಲ.

ಮತ್ತೊಂದು ಲೆಕ್ಕ. ಕಲಬುರಗಿಯಿಂದ ಬಸವಕಲ್ಯಾಣ ಸುಮಾರು 80 ಕಿ.ಮೀ. ಹೇರು ಹೊತ್ತ ಎತ್ತಿನ ಬಂಡಿ ತಾಸಿಗೆ ಮೂರು ಕಿ.ಮೀ. ಹೋದರೆ ಹೆಚ್ಚು. ಎತ್ತಿಗೆ ನೀರು, ಮೇವು, ವಿಶ್ರಾಂತಿ ಎಲ್ಲ ಸೇರಿ ದಿನಕ್ಕೆ 25 ಕಿ.ಮೀ. ಹಾಗಾದರೆ ಎಷ್ಟು ದಿನ? ಮೂರು ದಾಟಿ ನಾಲ್ಕನೆಯ ದಿನ. ನಾನು ಮೊದಲು ಬರೆದ ಕಥೆಯಲ್ಲಿ ಹುಡುಗ ಬೆಳಗ್ಗೆ ಹೊರಟು ಸಂಜೆಗೆ ಕಲ್ಯಾಣ ತಲುಪಿದ್ದ! ರಸ್ತೆ ಕೆಲಸ ಮಾಡಿದವನೇ ಹೀಗೆ ತಪ್ಪಿದೆ. ತಿದ್ದಿದ ಮೇಲೆ ಕಥೆಗೆ ಮೂರು ರಾತ್ರಿಗಳು ಸಿಕ್ಕವು. ಮೂರು ರಾತ್ರಿ ಎಂದರೆ ಮೂರು ಊರು, ಮೂರು ಜಗಲಿ. ಯಾರು ನೀರು ಕೊಟ್ಟರು, ಯಾರು ಕೊಡಲಿಲ್ಲ, ಜಾತಿ ಕೇಳಿದವರು ಯಾರು ಎಂಬ ಪ್ರಶ್ನೆಗಳು ತಾವಾಗಿ ಬಂದವು. ನಿಜವಾದ ಅಳತೆ ಕಥೆಯನ್ನು ಬಡವಾಗಿಸುವುದಿಲ್ಲ, ಅದಕ್ಕೆ ಜಾಗ ಮಾಡಿಕೊಡುತ್ತದೆ.

ಪವಾಡ ಬೇಡ, ಶರಣರೇ ಸಾಕು

ಹರಳಯ್ಯನವರ ಕಥೆ ನಿಮಗೆಲ್ಲ ಗೊತ್ತು. ಹರಳಯ್ಯ "ಶರಣು" ಎಂದರು, ಬಸವಣ್ಣ "ಶರಣು ಶರಣಾರ್ಥಿ" ಎಂದರು. ಒಂದಕ್ಕೆ ಎರಡು. ಆ ಹೆಚ್ಚಿನ ಒಂದು ಶರಣಿನ ಭಾರ ತೀರಿಸಲು ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದರೆಂಬ ಕಥೆ. ಈ ಸಭೆಯಲ್ಲಿ ನಾವು ಒಬ್ಬರಿಗೊಬ್ಬರು ಹೇಳುವ ಶರಣಾರ್ಥಿಯ ಹಿಂದೆ ಆ ಸಮಗಾರ ದಂಪತಿ ನಿಂತಿದ್ದಾರೆ.

ಶಿಬಿರದಲ್ಲಿ ಒಬ್ಬಳು ಕೇಳಿದಳು: "ರಕ್ತ ಬರ್ಲಿಲ್ಲೇನ್ರಿ? ನೋವಾಗ್ಲಿಲ್ಲೇನು?" ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು "ಶರಣರಿಗೆ ನೋವಿಲ್ಲವ್ವ" ಎಂದುಬಿಟ್ಟರು. ಆ ಹುಡುಗಿಯ ಮುಖ ಸಪ್ಪಗಾಯಿತು. ನೋವೇ ಇಲ್ಲದವರು ಕೊಟ್ಟದ್ದು ಯಾವ ದೊಡ್ಡ ಮಾತು? ನಾನು ಹೇಳಿದೆ: "ನೋವಾಗೇ ಇರ್ತದವ್ವ. ಹುಟ್ಟಿದಾಗಿನಿಂದ 'ದೂರ ನಿಲ್ಲು' ಅಂತ ಕೇಳಿದವನಿಗೆ ಒಬ್ಬ ಮಂತ್ರಿ ಕೈ ಮುಗಿದು ಶರಣಾರ್ಥಿ ಅಂದ. ಆ ಮರ್ಯಾದೆ ಎಷ್ಟು ದೊಡ್ಡದು ಅಂತ ಹೇಳ್ಲಿಕ್ಕೆ ಜನ ಈ ಕಥೆ ಹೇಳ್ಕೊಂತ ಬಂದಾರ." ಹುಡುಗಿ ತಲೆಯಾಡಿಸಿದಳು.

ಶರಣರನ್ನು ಪವಾಡಪುರುಷರನ್ನಾಗಿ ಮಾಡಿದರೆ ಮಕ್ಕಳು ಅವರಿಗೆ ಕೈ ಮುಗಿಯುತ್ತಾರೆ, ಅಲ್ಲಿಗೆ ಮುಗಿಯಿತು. ಮನುಷ್ಯರೆಂದು ಹೇಳಿದರೆ "ನಾನೂ ಹಾಗೆ ಮಾಡಬಹುದೇ?" ಎಂದು ಕೇಳುತ್ತಾರೆ. ನಮಗೆ ಬೇಕಾದದ್ದು ಎರಡನೆಯದು. ಕಷ್ಟ ಕೊಡುವುದೂ ಎರಡನೆಯದೇ. ಹರಳಯ್ಯನ ಮಗ ಶೀಲವಂತನಿಗೂ ಮಧುವರಸನ ಮಗಳಿಗೂ ಆದ ಮದುವೆ, ಬಿಜ್ಜಳನ ಆಜ್ಞೆಯಂತೆ ನಡೆದ ಎಳೆಹೂಟೆ ಇವನ್ನು ಹೇಳಿದ ಮೇಲೆ ಒಬ್ಬ ಹುಡುಗ ಎದ್ದು ಕೇಳಿದ: "ಈಗ ನಮ್ಮೂರಾಗ ಹಂಗ ಮದುವಿ ಆಗ್ತಾವೇನ್ರಿ?" ನಮ್ಮಲ್ಲಿ ಒಳಪಂಗಡ ದಾಟಿ ಹೆಣ್ಣು ಕೇಳುವುದೇ ಇನ್ನೂ ಕಷ್ಟ. ನಾನೂ ನನ್ನ ಮಗಳ ಮದುವೆಗೆ ಮೊದಲು ಕೇಳಿದ್ದು ಹುಡುಗನ ಓದನ್ನಲ್ಲ. ಆ ಹುಡುಗನಿಗೆ "ಕಡಿಮೆ" ಎಂದಷ್ಟೇ ಉತ್ತರಿಸಿದೆ. ನೀವು ಕಲ್ಯಾಣದ ಕಥೆ ಹೇಳಲು ಹೊರಟರೆ ಈ ಪ್ರಶ್ನೆ ನಿಮಗೂ ಬರುತ್ತದೆ, ಸಿದ್ಧರಾಗಿರಿ.

ಮಗುವಿಗೆ ಎಳೆಹೂಟೆಯ ಹಿಂಸೆ ಹೇಳಬಹುದೇ ಎಂದು ತಾಯಂದಿರು ಕೇಳುತ್ತಾರೆ. ಹೇಳಬಹುದು, ಆದರೆ ಅದನ್ನು ತಿರುಗಿಸಿ ತಿರುಗಿಸಿ ವರ್ಣಿಸಬಾರದು. ನನ್ನ ಕಥೆಯ ಹುಡುಗ ಆ ದಿನ ಬೀದಿಗೆ ಹೋಗುವುದಿಲ್ಲ. ತಾಯಿ ಬಾಗಿಲು ಹಾಕುತ್ತಾಳೆ. ಹೊರಗಿನ ಸದ್ದು ನಿಂತ ಮೇಲೆ ಹರಳಯ್ಯನ ಅಂಗಡಿ ಮುಚ್ಚಿರುವುದನ್ನು, ಅರ್ಧ ಹೊಲಿದ ಚಪ್ಪಲಿ ಅಲ್ಲೇ ಇರುವುದನ್ನು ನೋಡುತ್ತಾನೆ. ಅಷ್ಟು ಸಾಕು.

ಕೋಟೆಯೊಳಗಿನ ಹೆಸರಿಲ್ಲದವರು

ಈಗ ನಮ್ಮ ಕಲಬುರಗಿ ಕೋಟೆಗೆ ಬರೋಣ. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಗಿ ಕಲಬುರಗಿ ರಾಜಧಾನಿಯಾಯಿತು. 1420ರ ದಶಕದಲ್ಲಿ ಅಹ್ಮದ್ ಶಾ ರಾಜಧಾನಿಯನ್ನು ಬೀದರಿಗೆ ಒಯ್ದ. ಕೋಟೆಯೊಳಗಿನ ಜಾಮಿ ಮಸೀದಿ 1367ರದ್ದು. ಕಟ್ಟಿದವನು ಈಗಿನ ಇರಾನಿನ ಕಜ್ವೀನ್ ಊರಿನ ರಫಿ ಎಂದು ಅಲ್ಲಿನ ಶಾಸನ ಹೇಳುತ್ತದೆ. 216 ಅಡಿ ಉದ್ದ, 176 ಅಡಿ ಅಗಲ. ಸಾಮಾನ್ಯವಾಗಿ ಮಸೀದಿಗೆ ತೆರೆದ ಅಂಗಳವಿರುತ್ತದೆ, ಇದಕ್ಕಿಲ್ಲ, ಪೂರ್ತಿ ಛಾವಣಿ. ಕಬ್ಬಿಣವಿಲ್ಲದೆ, ಸಿಮೆಂಟ್ ಇಲ್ಲದೆ, ಕಲ್ಲು ಗಾರೆಯ ಕಮಾನುಗಳ ಮೇಲೆ ನಿಂತ ಛಾವಣಿ. ನಾನು ವೃತ್ತಿಯಲ್ಲಿದ್ದಾಗ ಅದರ ಕೆಳಗೆ ನಿಂತರೆ ನನ್ನ ಕಟ್ಟಡಗಳ ನೆನಪಾಗಿ ಸುಮ್ಮನಾಗುತ್ತಿದ್ದೆ.

ಮಕ್ಕಳಿಗೆ ಟೇಪ್ ಕೊಟ್ಟು ಅಲ್ಲಿಗೆ ಕರೆದುಕೊಂಡು ಹೋದೆ. ಬುರುಜಿನ ಮೇಲಿನ ದೊಡ್ಡ ತೋಪು 29 ಅಡಿ ಎನ್ನುತ್ತಾರೆ, ನೀವೇ ಅಳೆಯಿರಿ ಎಂದೆ. ಬಿಸಿಲಲ್ಲಿ ಕಾದ ಲೋಹಕ್ಕೆ ಕೈ ಸುಟ್ಟುಕೊಂಡರು, ಲೆಕ್ಕದಲ್ಲಿ ಜಗಳವಾಡಿದರು, ಮೂರು ಸಲ ಅಳೆದರು. ಮನೆಗೆ ಬಂದು ಕಥೆ ಬರೆಯಲು ಹೇಳಿದಾಗ ಹತ್ತರಲ್ಲಿ ಏಳು ಮಕ್ಕಳು ಒಂದೇ ಕಥೆ ಬರೆದರು. ಕೆಟ್ಟ ಸುಲ್ತಾನ, ಒಳ್ಳೆಯ ಹುಡುಗ, ಕತ್ತಿ, ರಕ್ತ. "ಇದು ಎಲ್ಲಿಂದ ಬಂತು?" ಎಂದೆ. "ಪಿಕ್ಚರ್‌ದಾಗ ನೋಡೀವ್ರಿ."

ಬಹಮನಿ ವಿಜಯನಗರ ಯುದ್ಧಗಳು ಕ್ರೂರವಾಗಿದ್ದವು, ಎರಡೂ ಕಡೆ. ಅದನ್ನು ಮುಚ್ಚಬೇಕಿಲ್ಲ. ಆದರೆ ನಾನು ಮಕ್ಕಳಿಗೆ ಬೇರೆ ಒಂದು ಪ್ರಶ್ನೆ ಕೊಟ್ಟೆ. ಶಾಸನದಲ್ಲಿ ರಫಿಯ ಹೆಸರಿದೆ. ಕಲ್ಲು ಒಡೆದವರ, ಸುಣ್ಣ ಅರೆದವರ, ನೀರು ಹೊತ್ತವರ ಹೆಸರು ಇದೆಯೇ? ಇಲ್ಲ. ಅವರು ಯಾರಿರಬಹುದು? ನೀರು ಹೊತ್ತವಳಿಗೆ ನಿಮ್ಮ ವಯಸ್ಸಿನ ಮಗಳಿದ್ದರೆ ಅವಳು ಏನು ನೋಡಿರಬಹುದು? ಪಾರಸಿ ಮಾತನಾಡುವ ಮೇಸ್ತ್ರಿ, ಕನ್ನಡ ಮಾತನಾಡುವ ಕಲ್ಲುಕುಟಿಗ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಅಷ್ಟು ದೊಡ್ಡ ಕಮಾನು ಹೇಗೆ ಎದ್ದಿತು?

ಮರುದಿನ ಬಂದ ಕಥೆಗಳೇ ಬೇರೆ. ಒಬ್ಬ ಬರೆದಿದ್ದ: ಮೇಸ್ತ್ರಿ ನೆಲದ ಮೇಲೆ ಬೆರಳಿನಿಂದ ಕಮಾನು ಬರೆದು ತೋರಿಸಿದ, ಹುಡುಗಿ ಅದನ್ನು ಕಾಲಿನಿಂದ ಅಳಿಸಿ ಇನ್ನೂ ಚೆನ್ನಾಗಿ ಬರೆದಳು. ದಾಖಲೆ ಎಲ್ಲಿ ಸುಮ್ಮನಾಗುತ್ತದೆಯೋ ಅದೇ ಕಥೆಗಾರನಿಗೆ ಸಿಗುವ ನಿವೇಶನ. ಅಲ್ಲಿ ಎಷ್ಟು ಬೇಕಾದರೂ ಕಟ್ಟಿ. ದಾಖಲೆ ಮಾತಾಡುವ ಕಡೆ ಅದರ ಬಾಯಿ ಮುಚ್ಚಬೇಡಿ.

ನಮ್ಮ ನೆಲದ ದಾಖಲೆ ಮಾತಾಡಿದರೆ ಪಿಕ್ಚರಿನಲ್ಲಿ ಇಲ್ಲದ್ದೂ ಸಿಗುತ್ತದೆ. ಅದೇ ಅಹ್ಮದ್ ಶಾನ ಗೋರಿ ಬೀದರ್ ಬಳಿಯ ಅಷ್ಟೂರಿನಲ್ಲಿದೆ. ಅವನನ್ನು ಮುಸ್ಲಿಮರು ವಲಿ ಎನ್ನುತ್ತಾರೆ, ನಮ್ಮ ಜನ ಅಲ್ಲಮಪ್ರಭುವಿನ ಹೆಸರಿನಲ್ಲಿ ನಡೆದುಕೊಳ್ಳುತ್ತಾರೆ. ಅಲ್ಲಿನ ಉರುಸಿಗೆ ಆಳಂದ ಕಡೆಯ ಮಾಡ್ಯಾಳದ ಜಂಗಮರು ಹೋಗುವ ಪದ್ಧತಿ ಇದೆ. ಇದು ಸರಿಯೇ, ಅಲ್ಲಮರನ್ನು ಹೀಗೆ ಕಾಣಬಹುದೇ ಎಂದು ನಾವು ದೊಡ್ಡವರು ವಾದಿಸೋಣ. ಆದರೆ ಮಗುವಿಗೆ ಇದು ಗೊತ್ತೇ ಇಲ್ಲದಂತೆ ಮಾಡುವ ಹಕ್ಕು ನಮಗಿಲ್ಲ.

ಎಂ.ಬಿ.ಯಲ್ಲಿ ಅಳಿಸುವಂತಿಲ್ಲ

ಇಷ್ಟು ಹೊತ್ತು ಬುದ್ಧಿ ಹೇಳಿದೆ. ಈಗ ನನ್ನ ತಪ್ಪಿಗೆ ಬರುತ್ತೇನೆ.

ಇಲಾಖೆಯಲ್ಲಿ ಮೆಜರ್‌ಮೆಂಟ್ ಬುಕ್ ಎಂದು ಇರುತ್ತದೆ. ಎಂ.ಬಿ. ಅಂತೀವಿ. ಕೆಲಸದ ಜಾಗದಲ್ಲಿ ಅಳೆದು ಅಲ್ಲೇ ಬರೆಯಬೇಕು. ಅದಕ್ಕೆ ಒಂದು ಕಟ್ಟುನಿಟ್ಟಿನ ನಿಯಮ: ತಪ್ಪು ಬರೆದರೆ ಅಳಿಸುವಂತಿಲ್ಲ, ಪುಟ ಹರಿಯುವಂತಿಲ್ಲ. ತಪ್ಪಿನ ಮೇಲೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಹಳೆಯದೂ ಕಾಣುತ್ತಿರಬೇಕು. ಇಷ್ಟು ವರ್ಷ ಆ ನಿಯಮ ಪಾಲಿಸಿದ ನಾನು ನನ್ನ ಅವ್ವನ ಕಥೆಯಲ್ಲಿ ಒಂದು ಪುಟ ಹರಿದೆ.

ನನ್ನ ಅವ್ವನ ತವರು ಈ ಕಮಲಾಪುರ ಸೀಮೆಯ ಒಂದು ಹಳ್ಳಿ. 1948ರಲ್ಲಿ ಅವಳಿಗೆ ಹನ್ನೆರಡು ವರ್ಷ. ನಿಜಾಮನ ರಾಜ್ಯದ ಕೊನೆಯ ತಿಂಗಳುಗಳು, ರಜಾಕಾರರ ಹಾವಳಿ. ಈ ಭಾಗದ ಎಷ್ಟೋ ಕುಟುಂಬಗಳಂತೆ ಅವಳ ಮನೆಯವರೂ ರಾತ್ರೋರಾತ್ರಿ ಬಂಡಿ ಕಟ್ಟಿಕೊಂಡು, ಆಳಂದ ದಾಟಿ, ಸೊಲ್ಲಾಪುರದ ಕಡೆ ಹೋದರು. ಸೆಪ್ಟೆಂಬರ್ 13ರಂದು ಪೊಲೀಸ್ ಕಾರ್ಯಾಚರಣೆ ಆರಂಭವಾಗಿ 17ಕ್ಕೆ ಮುಗಿಯಿತು. ಆಮೇಲೆ ಊರಿಗೆ ಮರಳಿದರು.

ಇದನ್ನು ನಾನು ಮಕ್ಕಳಿಗಾಗಿ ಕಥೆ ಮಾಡಿದೆ. ಹನ್ನೆರಡು ವರ್ಷದ ಹುಡುಗಿ, ಕತ್ತಲು, ಎತ್ತಿನ ಕೊರಳ ಗಂಟೆಗೆ ಸುತ್ತಿದ ಬಟ್ಟೆ, ದಾರಿಯಲ್ಲಿ ಹುಟ್ಟಿದ ಕರು, ಕೊನೆಗೆ ಹಾರಿದ ಬಾವುಟ. ಶಿಬಿರದಲ್ಲಿ ಎಲ್ಲರಿಗೂ ಹಿಡಿಸಿತು. ಹನ್ನೊಂದು ವರ್ಷದ ನನ್ನ ಮೊಮ್ಮಗಳು ಅದನ್ನು ಮನೆಯಲ್ಲಿ ಅವ್ವನಿಗೆ ಓದಿ ಹೇಳಿದಳು. ಆಗ ಅವ್ವನಿಗೆ 86. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಮುಗಿದ ಮೇಲೆ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು:

"ಕೀಲಿ ಯಾರ ಬಲ್ಲಿ ಕೊಟ್ಟು ಹೋಗಿದ್ವಿ, ಅದು ಬರ್ದೇ ಇಲ್ಲಲ್ಲೋ ತಮ್ಮಾ?"

ನನಗೆ ಗೊತ್ತಿತ್ತು. ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ್ದೆ. ಓಡಿಹೋಗುವ ರಾತ್ರಿ ನನ್ನ ಮುತ್ಯಾ ಮನೆಯ ಕೀಲಿಯನ್ನು ಪಕ್ಕದ ಮನೆಯ ದರ್ಜಿಗೆ ಕೊಟ್ಟಿದ್ದ. ಮುಸಲ್ಮಾನರ ಮನೆ. ಅವ್ವ ಅವನನ್ನು ದರ್ಜಿ ಕಾಕಾ ಎನ್ನುತ್ತಿದ್ದಳು. ನಾಲ್ಕು ತಿಂಗಳ ನಂತರ ಮರಳಿದಾಗ ಹಗೇವಿನ ಜೋಳ, ಅಟ್ಟದ ಮೇಲಿನ ತಾಮ್ರದ ಕೊಡ, ಎಲ್ಲ ಇಟ್ಟಲ್ಲೇ ಇದ್ದವು. ಕೀಲಿ ತಂದುಕೊಟ್ಟದ್ದು ದರ್ಜಿ ಕಾಕಾ ಅಲ್ಲ, ಅವನ ಹೆಂಡತಿ. ಅವನು ಉಳಿದಿರಲಿಲ್ಲ. ಕಾರ್ಯಾಚರಣೆಯ ನಂತರದ ವಾರಗಳಲ್ಲಿ ಈ ಭಾಗದಲ್ಲಿ ಮುಸಲ್ಮಾನರ ಮೇಲೆ ನಡೆದ ಸೇಡಿನ ಬಗ್ಗೆ ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲರ ತಂಡ ವರದಿ ಕೊಟ್ಟಿತ್ತು. ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾ, ಬೀದರ್ ಎರಡೂ ಇವೆ. ಆ ವರದಿ ಬಹಳ ಕಾಲ ಪ್ರಕಟವಾಗಲಿಲ್ಲ.

ಕೀಲಿ ಕೊಟ್ಟು ಆಕೆ ಬಾಗಿಲಲ್ಲೇ ನಿಂತಳಂತೆ. ಸೆರಗು ಹಿಡಿದ ಎರಡು ಮಕ್ಕಳು. "ಅಣ್ಣಾ, ಎರಡ ದಿನ ನಿಮ್ಮ ಮನ್ಯಾಗ ಇರ್ಲೇನು?" ಎಂದು ಕೇಳಿದಳಂತೆ. ನನ್ನ ಮುತ್ಯಾ ಬೀದಿಯ ಕಡೆ ನೋಡಿ, "ನಾಳಿಗೆ ನೋಡಮು ತಂಗಿ" ಎಂದನಂತೆ. ಬೆಳಗಾಗುವಷ್ಟರಲ್ಲಿ ಆ ಮನೆ ಖಾಲಿ. ಎಲ್ಲಿ ಹೋದರೋ ಯಾರಿಗೂ ಗೊತ್ತಾಗಲಿಲ್ಲ.

ನಾನು ಯಾಕೆ ಬರೆಯಲಿಲ್ಲ? ಮಕ್ಕಳಿಗೆ ಇದೆಲ್ಲ ಯಾಕೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ಸುಳ್ಳು. ಕೀಲಿಯ ವಿಷಯ ಬರೆದರೆ ಕೀಲಿ ಮರಳಿ ಬಂದದ್ದನ್ನು ಬರೆಯಬೇಕು. ಅದನ್ನು ಬರೆದರೆ ಬಾಗಿಲಲ್ಲಿ ನಿಂತ ಹೆಣ್ಣುಮಗಳನ್ನು ಬರೆಯಬೇಕು. ಅವಳನ್ನು ಬರೆದರೆ ನನ್ನ ಮುತ್ಯಾನನ್ನು ಬರೆಯಬೇಕು. ನಿತ್ಯ ಇಷ್ಟಲಿಂಗ ಪೂಜೆ ಮಾಡಿದ, ಬಂದ ಜಂಗಮರಿಗೆ ಎಂದೂ ಇಲ್ಲವೆನ್ನದ ನನ್ನ ಮುತ್ಯಾ. ದಾಸೋಹದ ಮನೆ ಎಂದು ಹೆಸರಾದ ಮನೆಯ ಬಾಗಿಲು ಆ ಒಂದು ರಾತ್ರಿ ತೆರೆಯಲಿಲ್ಲ.

ಮೊಮ್ಮಗಳು ಅವ್ವನನ್ನು ಬಿಡಲಿಲ್ಲ. "ದೊಡ್ಡ ಆಯಿ, ನೀ ಆಗ ಎಲ್ಲಿದ್ದಿ?" "ಅಪ್ಪನ ಹಿಂದ ನಿಂತಿದ್ನವ್ವಾ. ಆ ಪೋರಿ ನನ್ನಷ್ಟೇ ಇದ್ಲು. ನನ್ನೇ ನೋಡ್ತಿದ್ಲು." "ನೀ ಏನಂದಿ?" ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಏನೂ ಅನ್ಲಿಲ್ಲವ್ವ" ಎಂದಳು. ಎಪ್ಪತ್ತನಾಲ್ಕು ವರ್ಷ ಹೊತ್ತುಕೊಂಡಿದ್ದ ಮಾತು. ಹಿಂದೆ ಎಷ್ಟು ಸಲ ಹೇಳಿದ್ದರೂ ತಾನು ಅಲ್ಲಿ ನಿಂತಿದ್ದೆ ಎಂಬುದನ್ನು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಕೇಳಿದ್ದು ಹನ್ನೊಂದು ವರ್ಷದ ಮಗು.

ಆಮೇಲೆ ನನ್ನ ಕಡೆ ಬಂದು ಕೇಳಿದಳು: "ಮುತ್ಯಾ, ನಿಮ್ಮ ಮುತ್ಯಾ ಯಾಕ ಒಳಗ ಕರೀಲಿಲ್ಲ?" ಅಂಜಿಕೆ ಎಂದೆ. ಊರ ಮಂದಿ ಏನಾದರೂ ಮಾಡಿಯಾರು ಎಂಬ ಅಂಜಿಕೆ. "ಅವ್ರೂ ಅಂಜಿದ್ರಲ್ಲ, ಆದ್ರೂ ನಮ್ಮ ಕೀಲಿ ಇಟ್ಕೊಂಡಿದ್ರಲ್ಲ?" ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ಕಥೆಯನ್ನು ಮತ್ತೆ ಬರೆದೆ. ರಜಾಕಾರರ ಹಾವಳಿಯನ್ನು ತೆಗೆಯಲಿಲ್ಲ, ಅದು ನಡೆದದ್ದು. ಬಾವುಟವನ್ನೂ ತೆಗೆಯಲಿಲ್ಲ, ಅದೂ ಹಾರಿದ್ದು. ಕೀಲಿಯನ್ನು ಸೇರಿಸಿದೆ. ಕೊನೆಯಲ್ಲಿ ಇಬ್ಬರು ಹುಡುಗಿಯರು ಬಾಗಿಲಿನ ಆಚೆ ಈಚೆ ನಿಂತು ಒಬ್ಬರನ್ನೊಬ್ಬರು ನೋಡುತ್ತಾರೆ. ಒಳಗೆ ಕರೆದಂತೆ ಬರೆಯಬಹುದಿತ್ತು, ಓದಿದವರಿಗೆ ಸಮಾಧಾನವಾಗುತ್ತಿತ್ತು. ಬರೆಯಲಿಲ್ಲ. ಅವ್ವನಿಗೆ ಓದಿ ಹೇಳಿದಾಗ, "ಈಗ ಸರಿ ಅದ" ಎಂದಳು. ಮರುವರ್ಷ ಲಿಂಗೈಕ್ಯಳಾದಳು.

ಆ ಕಥೆ ಓದಿದ ಮಕ್ಕಳು ನೊಂದರೇ? ನೊಂದರು. ಒಬ್ಬ ಹುಡುಗ ಮಾತ್ರ ಕೊನೆಯ ಪುಟದ ಕೆಳಗೆ ಪೆನ್ಸಿಲ್‌ನಿಂದ ಒಂದು ಸಾಲು ಬರೆದು ಪುಸ್ತಕ ಮರಳಿಸಿದ: "ನಾ ಇದ್ದಿದ್ರ ಕರೀತಿದ್ದೆ." ಇತಿಹಾಸದ ಕಥೆಯಿಂದ ಒಂದು ಮಗುವಿಗೆ ಇದಕ್ಕಿಂತ ಹೆಚ್ಚು ಏನು ಸಿಗಬೇಕು? ಮುತ್ಯಾನನ್ನು ದೇವರನ್ನಾಗಿ ಮಾಡಿ ತೋರಿಸಿದ್ದರೆ ಆ ಸಾಲು ಹುಟ್ಟುತ್ತಿರಲಿಲ್ಲ.

ನಾವು ಮಾಡಬಹುದಾದದ್ದು

ಇಂಜಿನಿಯರ್ ಆದ್ದರಿಂದ ಅಂದಾಜು ಪಟ್ಟಿ ಕೊಡದೆ ಮಾತು ಮುಗಿಸಲಾರೆ. ಖರ್ಚು ಕಡಿಮೆ.

ಮೊದಲನೆಯದು, 1948ನ್ನು ಕಣ್ಣಾರೆ ಕಂಡವರಿಗೆ ಈಗ ಎಂಬತ್ತೈದರ ಮೇಲೆ. ನಿಮ್ಮ ಓಣಿಯಲ್ಲಿ ಅಂಥವರು ಎಷ್ಟು ಜನ ಉಳಿದಿದ್ದಾರೆ, ಎಣಿಸಿ. ಮಕ್ಕಳನ್ನು ಅವರ ಬಳಿ ಕಳಿಸಿ. "ಆಗ ಏನಾಯ್ತು?" ಎಂದು ಕೇಳಿಸಬೇಡಿ, ಭಾಷಣ ಬರುತ್ತದೆ. "ಆಗ ಏನು ಉಣ್ತಿದ್ರಿ? ಕೀಲಿ ಎಲ್ಲಿ ಇಡ್ತಿದ್ರಿ? ನಿಮ್ಮ ಗೆಳತಿ ಯಾರು?" ಎಂದು ಕೇಳಿಸಿ.

ಎರಡನೆಯದು, ಬರೆದ ಪ್ರತಿ ಕಥೆಯ ಕೊನೆಗೆ ಒಂದು ಪುಟ ಇರಲಿ: ಇದರಲ್ಲಿ ನಡೆದದ್ದು ಯಾವುದು, ನಾವು ಕಟ್ಟಿದ್ದು ಯಾವುದು. ಮಕ್ಕಳೇ ಅದನ್ನು ಬರೆಯಲಿ. ಸುಳ್ಳು ಸಂದೇಶಗಳು ಕೈಕೈ ದಾಟುವ ಈ ಕಾಲದಲ್ಲಿ ಅದಕ್ಕಿಂತ ದೊಡ್ಡ ವಿದ್ಯೆ ಇಲ್ಲ.

ಮೂರನೆಯದು, ಕಥೆಗೆ ವಸ್ತು ಇಲ್ಲ ಎನ್ನಬೇಡಿ. ಒಂದು ಕಾಲಕ್ಕೆ ನಮ್ಮ ಮನೆಗಳಲ್ಲಿ ವಚನದ ತಾಳೆಗರಿ ಕಟ್ಟುಗಳು ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು, ಓದುವವರಿರಲಿಲ್ಲ. ಫ.ಗು. ಹಳಕಟ್ಟಿಯವರು ವಕೀಲಿ ವೃತ್ತಿಯ ನಡುವೆ ಊರೂರು ಅಲೆದು ಅವನ್ನು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರ ಸಾರ' ತಂದರು. ಮನೆ ಮಾರಿ 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ 'ಶಿವಾನುಭವ' ಪತ್ರಿಕೆ ಹೊರಡಿಸಿದರು. ಅವರು ಬಾಗಿಲು ತಟ್ಟಿದ ಒಂದು ಮನೆಯಲ್ಲಿ ಹತ್ತು ವರ್ಷದ ಹುಡುಗಿ ಇದ್ದಳು ಎಂದುಕೊಳ್ಳಿ. ಅಜ್ಜಿ ಕಟ್ಟು ಕೊಡಲು ಒಪ್ಪುವುದಿಲ್ಲ. ಹುಡುಗಿ ಏನು ಮಾಡಿದಳು? ಹಿಂದಿನ ಸಾಲಿನ ಮಕ್ಕಳೇ, ಈ ಕಥೆಯನ್ನು ನಿಮಗೆ ಬಿಟ್ಟಿದ್ದೇನೆ. ಬರೆದು ತಂದವರಿಗೆ ಬಾಳೆಹಣ್ಣು.

ಕೊನೆಯದು ಪೂಜ್ಯರಲ್ಲಿ ಬಿನ್ನಹ. ಮಠದ ದಾಸೋಹ ಮನೆಯ ಪಕ್ಕದಲ್ಲಿ ಮಕ್ಕಳ ಪುಸ್ತಕದ ಒಂದು ಕಪಾಟು ಇರಲಿ. ಬೀಗ ಹಾಕದ ಕಪಾಟು.

ಮಗುವನ್ನು ಕಲ್ಪಿಸಿ, ಅದರ ಗೆಳೆಯರನ್ನು ಕಲ್ಪಿಸಿ, ಅದರ ನಾಯಿಗೆ ಹೆಸರಿಡಿ. ಆದರೆ ಪವಾಡವನ್ನೂ ವೈರಿಯನ್ನೂ ಕಟ್ಟಿ ಕೊಡಬೇಡಿ, ನಡೆದದ್ದನ್ನು ಅಳಿಸಬೇಡಿ. ತಪ್ಪು ನಮ್ಮ ಮನೆಯವರದ್ದಾದರೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಸಹಿ ಹಾಕೋಣ. ನಾನು ಇಂದು ನಿಮ್ಮೆಲ್ಲರ ಎದುರು ಆ ಸಹಿ ಹಾಕಿದ್ದೇನೆ.